ಸಂತೆಯ ತಕ್ಕಡಿಗೆ ಮುದ್ರೆ ಬೇಕು, ಮೆಮೊರಿ ಕಾರ್ಡಿಗೆ ಬೇಡವೇ?

ನಮ್ಮೂರಿನ ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಹಾಕಿಸದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ದಂಡ ಹಾಕಬಹುದು. ಕಿಲೋಗೆ ಐವತ್ತು ಗ್ರಾಂ ಕಡಿಮೆ ತೂಗಿದರೆ ಗಿರಾಕಿಗಳೇ ಜಗಳಕ್ಕೆ ನಿಲ್ಲುತ್ತಾರೆ. ಅದು ಸರಿಯೇ. ತೂಕದಲ್ಲಿ ಮೋಸ ಮೋಸವೇ.

ಆದರೆ 256 ಜಿಬಿ ಎಂದು ಬರೆದು 16 ಜಿಬಿ ಕೊಡುವವನ ತಕ್ಕಡಿಗೆ ಮುದ್ರೆ ಹಾಕುವವರು ಯಾರು? ಅವನು ಕಿಲೋಗೆ ಐವತ್ತು ಗ್ರಾಂ ಕದಿಯುತ್ತಿಲ್ಲ. ಕಿಲೋಗೆ ಒಂಬತ್ತುನೂರು ಗ್ರಾಂಗಿಂತ ಹೆಚ್ಚು ಕದಿಯುತ್ತಿದ್ದಾನೆ. ಅದೂ ಮನೆ ಬಾಗಿಲಿಗೇ ತಂದುಕೊಟ್ಟು, ಸಹಿ ಹಾಕಿಸಿಕೊಂಡು, ‘ಐದು ಸ್ಟಾರ್ ಕೊಡಿ’ ಎಂದು ಮೆಸೇಜ್ ಬೇರೆ ಕಳಿಸಿ!

ನಮಗೆ ಬಿದ್ದ ಪೆಟ್ಟಿನಿಂದಲೇ ಶುರು ಮಾಡುತ್ತೇವೆ.

ಒಂದು ರಾತ್ರಿಯ ಆಟ, ಎರಡು ಗಂಟೆಯ ವಿಡಿಯೊ

ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜಾತ್ರೆಯ ರಾತ್ರಿ ದೊಡ್ಡಾಟ ಇತ್ತು. ಭಾಗವತರಿಗೆ ಎಂಬತ್ತರ ಹತ್ತಿರ ವಯಸ್ಸು. ಅವರು ಹಾಡುವ ಕೆಲವು ಪದಗಳು ಯಾವ ಪುಸ್ತಕದಲ್ಲೂ ಇಲ್ಲ, ಅವರ ಬಾಯಲ್ಲಿ ಮಾತ್ರ ಇದ್ದವು. ‘ಇನ್ನ ಮುಂದ ಆಗೂದಿಲ್ಲಪಾ, ಇದ ಕಡೇ ಆಟ’ ಎಂದು ಅವರೇ ಹೇಳಿದ್ದರು. ನಾವು ಮೂವರು ಸ್ಟ್ರಿಂಗರ್‌ಗಳು ಮಾತಾಡಿಕೊಂಡು ಇಡೀ ಆಟವನ್ನು ರೆಕಾರ್ಡ್ ಮಾಡಲು ಹೋದೆವು. ಮೊಬೈಲನ್ನು ಟ್ರೈಪಾಡಿಗೆ ಹಾಕಿ, ಪವರ್ ಬ್ಯಾಂಕ್ ಸಿಕ್ಕಿಸಿ, ಅರ್ಧ ಗಂಟೆಗೊಂದರಂತೆ ಹನ್ನೆರಡು ತುಣುಕು ಮಾಡಿದೆವು. ಮಂಗಳ ಹಾಡುವಾಗ ಮೂಡಣ ಕೆಂಪಾಗಿತ್ತು.

ಕಾರ್ಡು ಹೊಸದು. ಮೂರು ವಾರದ ಹಿಂದೆ ಆನ್‌ಲೈನಿನಲ್ಲಿ ತರಿಸಿದ್ದೆವು. 256 ಜಿಬಿ, ₹549. ಎಂಆರ್‌ಪಿ ₹4,999 ಎಂದು ತೋರಿಸಿ ಅಡ್ಡಗೆರೆ ಎಳೆದು ‘ಶೇ 89 ರಿಯಾಯಿತಿ’ ಎಂದು ಬರೆದಿತ್ತು. ಫೋನಿಗೆ ಹಾಕಿದರೆ 238 ಜಿಬಿ ಎಂದು ಸರಿಯಾಗಿಯೇ ತೋರಿಸುತ್ತಿತ್ತು. ಹತ್ತಾರು ಫೋಟೊ ತೆಗೆದು ನೋಡಿದ್ದೆವು, ಎಲ್ಲ ಚೆನ್ನಾಗಿಯೇ ಬಂದಿದ್ದವು.

ಮರುದಿನ ನೋಡಿದರೆ ಮೊದಲ ಮೂರು ತುಣುಕು ಓಡಿದವು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಉಳಿದ ಎಂಟಕ್ಕೂ ಹೆಸರಿದೆ, ಗಾತ್ರವಿದೆ, ಸಮಯವಿದೆ. ಒತ್ತಿದರೆ ‘ಫೈಲ್ ಪ್ಲೇ ಆಗುವುದಿಲ್ಲ’. ತಾಲ್ಲೂಕಿನ ಸ್ಟುಡಿಯೊದಲ್ಲಿ ಕೊಟ್ಟೆವು, ರಿಕವರಿ ಸಾಫ್ಟ್‌ವೇರ್ ಓಡಿಸಿದರು. ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಬರೆದಿದ್ದರೆ ತಾನೇ ಬರುವುದು! ಕೊನೆಗೆ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಆ ಕಾರ್ಡಿನಲ್ಲಿ ನಿಜವಾಗಿ ಇದ್ದದ್ದು 14 ಜಿಬಿ ಚಿಲ್ಲರೆ.

ಭಾಗವತರು ಅದೇ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮೊಮ್ಮಗ ಕೇಳಿದ: ‘ಸರ, ಅಜ್ಜಾರದು ಆವತ್ತಿನ ಪೂರಾ ಆಟ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡ್ರಿ.’ ನಾವು ತಲೆ ತಗ್ಗಿಸಿ ನಿಂತೆವು. ₹549 ಹೋದದ್ದು ನಮಗೆ ಲೆಕ್ಕಕ್ಕಿಲ್ಲ. ಹೋದದ್ದು ಬೇರೆ.

ಅಂಗಡಿ ಆ್ಯಪಿಗೆ ದೂರು ಕೊಟ್ಟೆವು. ‘ನಿಮ್ಮ ರಿಟರ್ನ್ ಅವಧಿ ಮುಗಿದಿದೆ. ತೊಂದರೆಗೆ ವಿಷಾದಿಸುತ್ತೇವೆ’ ಎಂದು ಉತ್ತರ ಬಂತು. ಅವಧಿ ಏಳು ದಿನ. ಮಾರಿದವನ ಪುಟ ಅಷ್ಟರಲ್ಲಿ ಮಾಯವಾಗಿತ್ತು. ಅದೇ ಫೋಟೊ, ಅದೇ ಕಾರ್ಡು, ಬೇರೆ ಹೆಸರಿನ ಮಾರಾಟಗಾರನ ಪುಟದಲ್ಲಿ ಮಾರಾಟಕ್ಕಿತ್ತು.

ಮೋಸ ನಡೆಯುವುದು ಹೀಗೆ

ಹಗೇವು ಗೊತ್ತಲ್ಲ? ನಮ್ಮ ಹಿರಿಯರು ನೆಲದೊಳಗೆ ಜೋಳ ತುಂಬಿಡುತ್ತಿದ್ದ ಗುಂಡಿ. ಈಗ ಊಹಿಸಿಕೊಳ್ಳಿ: ಹಗೇವಿನ ಬಾಯಿಗೆ ಒಬ್ಬ ಕಾವಲುಗಾರ ಕೂತಿದ್ದಾನೆ. ‘ಎಷ್ಟು ಚೀಲ ಹಿಡಿಯುತ್ತದೆ?’ ಎಂದರೆ ‘ನೂರು’ ಎನ್ನುತ್ತಾನೆ. ನಿಜಕ್ಕೂ ಹಿಡಿಯುವುದು ಆರು ಚೀಲ. ಏಳನೆಯ ಚೀಲ ತಂದರೆ ಅವನು ‘ಹಾಕಿದೆ’ ಎಂದು ಚೀಟಿ ಬರೆದುಕೊಡುತ್ತಾನೆ, ಜೋಳವನ್ನು ಹಿತ್ತಲಿಗೆ ಚೆಲ್ಲುತ್ತಾನೆ. ಇಲ್ಲವೆಂದರೆ ಮೊದಲು ಹಾಕಿದ್ದನ್ನು ತೆಗೆದೆಸೆದು ಆ ಜಾಗಕ್ಕೆ ಹೊಸದನ್ನು ಹಾಕುತ್ತಾನೆ. ನಿಮ್ಮ ಕೈಯಲ್ಲಿ ನೂರು ಚೀಟಿ ಇರುತ್ತವೆ. ಜೋಳ ಆರೇ ಚೀಲ.

ಮೆಮೊರಿ ಕಾರ್ಡಿನಲ್ಲಿ ಆ ಕಾವಲುಗಾರನ ಹೆಸರು ಕಂಟ್ರೋಲರ್. ಅದೊಂದು ಸಣ್ಣ ಚಿಪ್. ಪಕ್ಕದ ಮೆಮೊರಿ ಚಿಪ್‌ನಲ್ಲಿ ಎಷ್ಟು ಜಾಗವಿದೆ ಎಂದು ಫೋನಿಗೆ ಹೇಳುವುದು ಅದೇ. ನಕಲಿ ಮಾಡುವವರು ಆ ಚಿಪ್‌ನ ಪ್ರೋಗ್ರಾಮನ್ನೇ ತಿದ್ದಿ ಸುಳ್ಳು ಹೇಳಲು ಕಲಿಸುತ್ತಾರೆ. ಫೋನು ಹಗೇವಿನೊಳಗೆ ಇಳಿದು ನೋಡುವುದಿಲ್ಲ, ಕಾವಲುಗಾರನ ಮಾತನ್ನು ನಂಬುತ್ತದೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ‘238 ಜಿಬಿ’ ಕಂಡರೆ ಅದು ಸಾಕ್ಷಿಯಲ್ಲ. ಫಾರ್ಮ್ಯಾಟ್ ಮಾಡಿದರೂ ಸರಿಹೋಗುವುದಿಲ್ಲ, ಅಲ್ಲಿಯೂ ಅದೇ ಸುಳ್ಳು ಬರುತ್ತದೆ.

ಇನ್ನೊಂದು ಬಗೆಯ ನಕಲಿಯೂ ಇದೆ. ಜಾಗ ಸರಿಯಾಗಿಯೇ ಇರುತ್ತದೆ, ಆದರೆ ಹೆಸರಾಂತ ಕಂಪನಿಯ ಹೆಸರು ಕದ್ದು ಕಳಪೆ ಚಿಪ್ ಹಾಕಿರುತ್ತಾರೆ. ಅದು ನಿಧಾನ, ಬೇಗ ಕೆಡುತ್ತದೆ. ವಿಡಿಯೊ ತೆಗೆಯುವಾಗ ಮಧ್ಯೆ ಮಧ್ಯೆ ನಿಲ್ಲುತ್ತದೆ.

ಈ ಮೋಸದ ಕೆಟ್ಟ ಗುಣವೆಂದರೆ ಅದು ತಕ್ಷಣ ಗೊತ್ತಾಗುವುದಿಲ್ಲ. ಮೊದಲ ಕೆಲವು ಜಿಬಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಏಳು ದಿನದ ರಿಟರ್ನ್ ಅವಧಿಯಲ್ಲಿ ನಮ್ಮಂಥವರು ತುಂಬುವುದು ಎಷ್ಟು? ನಾಲ್ಕು ಹಾಡು, ಹತ್ತು ಫೋಟೊ. ಕಾರ್ಡು ತುಂಬುವುದು ಮಗಳ ಮದುವೆಯ ದಿನ, ಜಾತ್ರೆಯ ದಿನ, ಹೊಳೆ ಉಕ್ಕಿ ಊರಿಗೆ ಬಂದ ದಿನ. ಹೊಲದ ಪಂಪ್‌ಸೆಟ್ ಕಾಯಲು ಕ್ಯಾಮೆರಾ ಹಾಕಿಸಿದ ರೈತನಿಗೆ ಕಾರ್ಡು ನಕಲಿ ಎಂದು ಗೊತ್ತಾಗುವುದು ಕೇಬಲ್ ಕಳುವಾದ ಮರುದಿನ. ಬೇಕಾದ ದಿನವೇ ಕೈಕೊಡುವ ಸಾಮಾನು ಇದು.

‘ಅಗ್ಗಕ್ಕೆ ಆಸೆ ಪಟ್ಟಿರಿ, ಅನುಭವಿಸಿ’

ಈ ಕಥೆ ಹೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ಒಂದೇ. ‘₹549ಕ್ಕೆ 256 ಜಿಬಿ ಬರುತ್ತಾ? ಓದಿದವರಾಗಿ ನಿಮಗಾದರೂ ಗೊತ್ತಾಗಬಾರದಾ? ದುರಾಸೆ!’ ನಗರದ ಗೆಳೆಯರು ಹೀಗೆ ಹೇಳಿದರು. ನಮ್ಮ ಪತ್ರಿಕೆಯ ಡೆಸ್ಕಿನವರೂ ನಕ್ಕರು.

ಈ ಮಾತನ್ನು ನಾವು ಒಪ್ಪುವುದಿಲ್ಲ. ಒಪ್ಪದಿರಲು ಕಾರಣಗಳಿವೆ.

ಮೊದಲನೆಯದು, ಆ ಆ್ಯಪ್‌ಗಳು ವರ್ಷವಿಡೀ ನಮಗೆ ಕಲಿಸುತ್ತಿರುವುದೇ ಇದನ್ನು. ₹2,000ದ ಚಪ್ಪಲಿ ₹399ಕ್ಕೆ, ₹3,000ದ ಸೀರೆ ₹599ಕ್ಕೆ. ಹಬ್ಬ ಬಂದರೆ ಅಸಲಿ ಕಂಪನಿಯ ಕಾರ್ಡುಗಳಿಗೂ ‘ಶೇ 60 ರಿಯಾಯಿತಿ’ ಎಂದು ಬೋರ್ಡು. ಅಸಲಿಗೆ ಶೇ 60, ನಕಲಿಗೆ ಶೇ 89. ಎರಡೂ ಅದೇ ಕೆಂಪಕ್ಷರದಲ್ಲಿ, ಅದೇ ಪುಟದಲ್ಲಿ, ಒಂದರ ಕೆಳಗೊಂದು. ಬೆಲೆ ನೋಡಿ ಮೋಸ ತಿಳಿಯಬೇಕು ಎನ್ನುವವರು ಮೊದಲು ಬೆಲೆಗೆ ಒಂದು ಅರ್ಥ ಉಳಿಸಬೇಕಿತ್ತು. ಅದನ್ನು ಕೆಡಿಸಿದವರು ನಾವಲ್ಲ.

ಎರಡನೆಯದು, ಅಗ್ಗವನ್ನು ಹುಡುಕುವುದು ತಪ್ಪಲ್ಲ. ಸ್ಟ್ರಿಂಗರ್‌ಗೆ ಒಂದು ಸುದ್ದಿಗೆ ಎಷ್ಟು ಸಿಗುತ್ತದೆ ಎಂದು ನಮ್ಮನ್ನು ಕೇಳಿ. ಕೂಲಿಗೆ ಹೋಗಿ ಬಂದು ಮಗನ ಫೋನಿಗೆ ಕಾರ್ಡು ತರಿಸುವ ತಾಯಿಯನ್ನು ಕೇಳಿ. ನೂರು ರೂಪಾಯಿ ಉಳಿಸುವುದಕ್ಕೆ ನಾಲ್ಕು ಅಂಗಡಿ ತಿರುಗುವುದು ಬಡವರ ಜಾಣತನ. ಸಂತೆಯಲ್ಲಿ ಚೌಕಾಸಿ ಮಾಡಿದವನಿಗೆ ಕಡಿಮೆ ತೂಗಿದರೆ ‘ಚೌಕಾಸಿ ಮಾಡಿದ್ದು ನಿನ್ನದೇ ತಪ್ಪು’ ಎಂದು ಯಾರಾದರೂ ಹೇಳುತ್ತಾರೆಯೇ?

ಮೂರನೆಯದು, ಹೆಚ್ಚು ಹಣ ಕೊಟ್ಟವರೂ ಮೋಸ ಹೋಗುತ್ತಾರೆ. ಹೆಸರಾಂತ ಕಂಪನಿಯ ಹೆಸರಿಟ್ಟು, ಅಸಲಿಗಿಂತ ನೂರೋ ಇನ್ನೂರೋ ಕಡಿಮೆ ಬೆಲೆಗೆ ಮಾರುವ ನಕಲಿಗಳೇ ಹೆಚ್ಚು ಅಪಾಯ. ಅಲ್ಲಿ ದುರಾಸೆಯ ಮಾತೇ ಬರುವುದಿಲ್ಲ.

‘ಹಾಗಾದರೆ ಊರಿನ ಅಂಗಡಿಯಲ್ಲೇ ತಗೊಳ್ಳಿ’ ಎನ್ನುವವರಿದ್ದಾರೆ. ಅಂಗಡಿಯಲ್ಲಿಯೂ ನಕಲಿ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಂಗಡಿಯವನಿಗೆ ಮುಖವಿದೆ. ನಾಳೆ ಅವನು ನಮ್ಮ ಕಣ್ಣಿಗೆ ಬೀಳುತ್ತಾನೆ. ಬಿಲ್ ಕೊಟ್ಟು, ಅಂಗಡಿಯಲ್ಲೇ ಪರೀಕ್ಷೆ ಮಾಡಿ ಕೊಡುವವನಿದ್ದರೆ ಐವತ್ತು ರೂಪಾಯಿ ಹೆಚ್ಚಾದರೂ ಅವನ ಹತ್ತಿರವೇ ಕೊಳ್ಳಿ ಎಂದೇ ನಾವೂ ಹೇಳುತ್ತೇವೆ. ಹಾಗೆಂದು ಆ್ಯಪ್‌ಗಳ ಹೊಣೆ ತಪ್ಪುವುದಿಲ್ಲ.

‘ನಾವು ಬರೀ ವೇದಿಕೆ’

ಆನ್‌ಲೈನ್ ಅಂಗಡಿಗಳ ಉತ್ತರ ಇನ್ನೂ ಸೊಗಸಾಗಿದೆ: ‘ಮಾರುವವರು ಬೇರೆ, ನಾವು ಬರೀ ವೇದಿಕೆ.’ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಮಧ್ಯವರ್ತಿಗಳಿಗೆ ಒಂದು ರಕ್ಷಣೆ ಕೊಟ್ಟಿದೆ, ಅದರ ಹಿಂದೆ ನಿಂತು ಈ ಮಾತು ಹೇಳುತ್ತಾರೆ. ಅದು ಬೇಷರತ್ ರಕ್ಷಣೆಯಲ್ಲ, ಎಚ್ಚರ ವಹಿಸಬೇಕೆಂಬ ಷರತ್ತು ಅದೇ ಕಲಮಿನಲ್ಲಿದೆ.

ನಾವು ಕೇಳುವುದಿಷ್ಟೇ. ಹಣ ಯಾರ ಖಾತೆಗೆ ಹೋಗುತ್ತದೆ? ಮೊದಲು ನಿಮ್ಮ ಕೈಗೆ. ಕಮಿಷನ್ ಯಾರಿಗೆ? ನಿಮಗೆ. ಡಬ್ಬದ ಮೇಲೆ ಯಾರ ಟೇಪು? ಬಹಳ ಸಲ ನಿಮ್ಮದೇ. ಮೋಸವಾದಾಗ ಮಾತ್ರ ನೀವು ಬರೀ ವೇದಿಕೆಯೇ? ನಾಟಕದ ವೇದಿಕೆ ಕೂಡ ಟಿಕೆಟ್ ಹಣದಲ್ಲಿ ಪಾಲು ಕೇಳುವುದಿಲ್ಲ!

ನಾವು ಒಂದು ಸಲ ಚಪ್ಪಲಿ ಹುಡುಕಿದರೆ ಹದಿನೈದು ದಿನ ಚಪ್ಪಲಿಯನ್ನೇ ತೋರಿಸುವಷ್ಟು ಬುದ್ಧಿ ನಿಮ್ಮ ಯಂತ್ರಕ್ಕಿದೆ. 1 ಟಿಬಿಯ ಮೈಕ್ರೋ ಎಸ್‌ಡಿ ಕಾರ್ಡು ಮಾರುಕಟ್ಟೆಗೆ ಬಂದದ್ದೇ 2019ರಲ್ಲಿ. ಅಸಲಿಗೆ ಈಗಲೂ ಸಾವಿರಗಟ್ಟಲೆ ಕೊಡಬೇಕು. ಹೀಗಿರುವಾಗ ‘2 ಟಿಬಿ ಕಾರ್ಡು ₹399’ ಎಂಬ ಜಾಹೀರಾತು ಸುಳ್ಳೆಂದು ನಿಮ್ಮ ಅದೇ ಯಂತ್ರಕ್ಕೆ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಲಾಭ, ಅಷ್ಟೇ.

ಸರ್ಕಾರ ಮನಸ್ಸು ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಉದಾಹರಣೆಯೂ ಇದೆ. ಗುಣಮಟ್ಟದ ಆದೇಶ ಪಾಲಿಸದ ಪ್ರೆಷರ್ ಕುಕ್ಕರ್‌ಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳಿಗೆ ತಲಾ ₹1 ಲಕ್ಷ ದಂಡ ಹಾಕಿತು. ಕೊಂಡ ಗ್ರಾಹಕರಿಗೆ ತಿಳಿಸಿ, ಕುಕ್ಕರ್ ವಾಪಸ್ ಪಡೆದು ಹಣ ಹಿಂದಿರುಗಿಸಿ ಎಂದೂ ಆದೇಶಿಸಿತು. ಆಗ ‘ನಾವು ವೇದಿಕೆ’ ಎನ್ನುವ ಮಾತನ್ನು ಪ್ರಾಧಿಕಾರ ಒಪ್ಪಲಿಲ್ಲ. ಕುಕ್ಕರಿಗೆ ಆದದ್ದು ಕಾರ್ಡಿಗೆ ಯಾಕೆ ಆಗಬಾರದು? ಕುಕ್ಕರ್ ಸಿಡಿದರೆ ಸದ್ದು ಬರುತ್ತದೆ. ಕಾರ್ಡು ಸದ್ದಿಲ್ಲದೆ ಸಾಯುತ್ತದೆ. ಇಷ್ಟೇ ವ್ಯತ್ಯಾಸ.

ಕೊಳ್ಳುವ ಮೊದಲು

ಅವರು ಸರಿಹೋಗುವವರೆಗೆ ನಾವು ಕಾಯುತ್ತ ಕೂರಲಾಗದು. ನಾವು ಪೆಟ್ಟು ತಿಂದು ಕಲಿತದ್ದನ್ನು ನಿಮ್ಮ ಮುಂದಿಡುತ್ತೇವೆ. ಇದನ್ನು ಮನೆಯ ಹುಡುಗರಿಗೂ ಓದಿ ಹೇಳಿ.

1. ಬೇಕಾದ ಕಾರ್ಡಿನ ಬೆಲೆಯನ್ನು ಮೊದಲು ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ, ಆಮೇಲೆ ಎರಡು ಬೇರೆ ಅಂಗಡಿಗಳಲ್ಲಿ ನೋಡಿ. ಅಡ್ಡಗೆರೆ ಎಳೆದ ಎಂಆರ್‌ಪಿಯನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಉಳಿದ ಕಡೆ ಇರುವ ಬೆಲೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ಬಿಡಿ.

2. ಮಾರುವವನು ಯಾರು ಎಂದು ನೋಡಿ. ಕಾರ್ಡಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಒತ್ತಿದರೆ ಅವನ ವಿಳಾಸ, ಎಷ್ಟು ಜನ ಏನು ಹೇಳಿದ್ದಾರೆ ಎಂಬುದು ಬರಬೇಕು. ಮಾರಾಟಗಾರನ ವಿವರ ತೋರಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ವಿಳಾಸವಿಲ್ಲದವನ ಹತ್ತಿರ ವ್ಯಾಪಾರ ಬೇಡ.

3. ಐದು ಸ್ಟಾರ್ ರಿವ್ಯೂ ಓದಬೇಡಿ. ಕಾರ್ಡು ಬಂದ ದಿನವೇ ‘ಸೂಪರ್ ಪ್ರಾಡಕ್ಟ್’ ಎಂದು ಬರೆದವನಿಗೆ ಏನೂ ಗೊತ್ತಿರುವುದಿಲ್ಲ. ಒಂದು ಸ್ಟಾರಿನವು ಮಾತ್ರ ಓದಿ. ‘ವಿಡಿಯೊ ಓಪನ್ ಆಗುತ್ತಿಲ್ಲ’, ‘ಎರಡು ತಿಂಗಳಿಗೆ ಫೋಟೊ ಹೋಯಿತು’ ಎಂದು ನಾಲ್ಕು ಜನ ಬರೆದಿದ್ದರೆ ಅದು ನಕಲಿಯ ಗುರುತು. ರಿವ್ಯೂಗಳಲ್ಲಿ ಬೇರೆ ಯಾವುದೋ ಸಾಮಾನಿನ ಮಾತಿದ್ದರೆ, ಹಳೆಯ ಪುಟಕ್ಕೆ ಹೊಸ ಸಾಮಾನು ಹಾಕಿದ್ದಾರೆ ಎಂದು ತಿಳಿಯಿರಿ.

4. ಫೋಟೊ ದೊಡ್ಡದು ಮಾಡಿ ಕಾರ್ಡಿನ ಮೇಲಿನ ಗುರುತು ನೋಡಿ. 2ಕ್ಕಿಂತ ಹೆಚ್ಚು, 32 ಜಿಬಿವರೆಗಿನ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ಎಚ್‌ಸಿ’ ಎಂದಿರಬೇಕು. 32ಕ್ಕಿಂತ ಹೆಚ್ಚು, 2 ಟಿಬಿವರೆಗೆ ‘ಎಕ್ಸ್‌ಸಿ’ ಎಂದಿರಬೇಕು. 128 ಜಿಬಿ ಎಂದು ಬರೆದು ಪಕ್ಕದಲ್ಲಿ ‘ಎಚ್‌ಸಿ’ ಎಂದಿದ್ದರೆ ಅದು ನಕಲಿ, ಎರಡನೇ ಮಾತಿಲ್ಲ. ಗುರುತೇ ಇಲ್ಲದಿದ್ದರೂ ಅಷ್ಟೇ.

5. ನಿಮಗೆ 256 ಜಿಬಿ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳಿ. ಹೆಸರಿಲ್ಲದ 256ಕ್ಕಿಂತ ಒಳ್ಳೆಯ ಕಂಪನಿಯ 32 ಅಥವಾ 64 ಲೇಸು.

ಮನೆಗೆ ಬಂದ ಮೇಲೆ

ಪೊಟ್ಟಣ ಒಡೆಯುವ ಮೊದಲು ಇನ್ನೊಬ್ಬರ ಕೈಗೆ ಫೋನು ಕೊಟ್ಟು ವಿಡಿಯೊ ಮಾಡಿಸಿ. ವಿಳಾಸದ ಚೀಟಿ, ಒಡೆಯದ ಟೇಪು, ಒಳಗಿನ ಕಾರ್ಡು ಒಂದೇ ವಿಡಿಯೊದಲ್ಲಿ ಬರಲಿ, ಮಧ್ಯೆ ನಿಲ್ಲಿಸಬೇಡಿ. ಬಿಲ್ಲನ್ನು ಡೌನ್‌ಲೋಡ್ ಮಾಡಿಡಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ನಾಳೆ ಆ ಪುಟ ಇರದೇ ಹೋಗಬಹುದು.

ಪ್ಯಾಕ್ ಮೇಲೆ ತಯಾರಕರ ಅಥವಾ ಆಮದು ಮಾಡಿಕೊಂಡವರ ಹೆಸರು-ವಿಳಾಸ, ಎಂಆರ್‌ಪಿ, ತಿಂಗಳು-ವರ್ಷ, ಗ್ರಾಹಕರ ದೂರಿಗೆ ಫೋನ್ ನಂಬರ್ ಇರಬೇಕು. ಇದು 2011ರ ಪೊಟ್ಟಣ ಸಾಮಗ್ರಿ ನಿಯಮ. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಾರ್ಡು ಬಂದರೆ ಪರೀಕ್ಷೆ ಮಾಡುವುದಕ್ಕೂ ಮುಂಚೆ ರಿಟರ್ನ್ ಹಾಕಿ. ಕಂಪನಿಯ ಹೆಸರಿನಲ್ಲಿ ಕಾಗುಣಿತ ತಪ್ಪು, ಮಾಸಿದ ಅಕ್ಷರ, ಉಗುರಿನಿಂದ ಕೆರೆದರೆ ಏಳುವ ಬಣ್ಣ ಇವೆಲ್ಲ ನಕಲಿಯ ಗುರುತು.

ಒಂದು ಮಾತಿಗೆ ಹೆದರಬೇಡಿ: 64 ಜಿಬಿ ಕಾರ್ಡು 59 ಚಿಲ್ಲರೆ ತೋರಿಸಿದರೆ, 128 ಜಿಬಿ 119 ತೋರಿಸಿದರೆ ಅದು ಮೋಸವಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಬಹಳಷ್ಟು ಫೋನು-ಕಂಪ್ಯೂಟರ್‌ಗಳು 1,024ರ ಲೆಕ್ಕದಲ್ಲಿ ಎಣಿಸುತ್ತವೆ. ಅದರಿಂದ ಬರುವ ವ್ಯತ್ಯಾಸ ಅದು.

ಇನ್ನು ಪರೀಕ್ಷೆ. ಇದೊಂದನ್ನು ಮಾತ್ರ ಬಿಡಬೇಡಿ. ಕಾರ್ಡು ಅಸಲಿಯೋ ನಕಲಿಯೋ ಎಂದು ಖಚಿತವಾಗಿ ತಿಳಿಯುವ ದಾರಿ ಒಂದೇ: ಪೂರ್ತಿ ತುಂಬಿಸಿ, ತುಂಬಿಸಿದ್ದನ್ನು ವಾಪಸ್ ಓದಬೇಕು.

ವಿಂಡೋಸ್ ಕಂಪ್ಯೂಟರ್ ಇದ್ದರೆ ‘ಎಚ್2ಟೆಸ್ಟ್‌ಡಬ್ಲ್ಯೂ’ ಎಂಬ ಉಚಿತ ಪ್ರೋಗ್ರಾಮ್ ಇದೆ. ಲಿನಕ್ಸ್ ಇದ್ದರೆ ‘ಎಫ್3’ ಇದೆ. ಖಾಲಿ ಕಾರ್ಡನ್ನು ರೀಡರಿಗೆ ಹಾಕಿ, ಆ ಡ್ರೈವ್ ಆರಿಸಿ, ‘ರೈಟ್ + ವೆರಿಫೈ’ ಒತ್ತಿ ಬಿಟ್ಟುಬಿಡಿ. ಅದು 1 ಜಿಬಿಯ ಫೈಲುಗಳನ್ನು ಕಾರ್ಡು ತುಂಬುವವರೆಗೆ ಬರೆದು, ಮತ್ತೆ ಒಂದೊಂದನ್ನೂ ಓದಿ ನೋಡುತ್ತದೆ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ 128 ಜಿಬಿ ಬರೆಯಲು ಸುಮಾರು ಒಂದು ಮುಕ್ಕಾಲು ಗಂಟೆ ಬೇಕು, ಓದಲು ಇನ್ನಷ್ಟು. ಕರೆಂಟ್ ಇರುವ ಹೊತ್ತು ನೋಡಿ ಹಚ್ಚಿ. ಕೊನೆಯಲ್ಲಿ ಹಸಿರು ಬಣ್ಣದಲ್ಲಿ ತಪ್ಪಿಲ್ಲ ಎಂದು ಬಂದರೆ ಕಾರ್ಡು ಸರಿ. ಕೆಂಪು ಬಂದರೆ ಎಷ್ಟು ಜಿಬಿ ಸರಿ, ಎಷ್ಟು ಹಾಳು ಎಂದು ಅದೇ ಬರೆದು ತೋರಿಸುತ್ತದೆ. ಆ ಪರದೆಯ ಫೋಟೊ ತೆಗೆದುಕೊಳ್ಳಿ. ಅದೇ ನಿಮ್ಮ ಸಾಕ್ಷಿ.

ಕಂಪ್ಯೂಟರ್ ಇಲ್ಲದವರು ಊರಿನ ಸ್ಟುಡಿಯೊದವರನ್ನು, ಝೆರಾಕ್ಸ್ ಅಂಗಡಿಯವರನ್ನು ಕೇಳಿ. ಅದೂ ಆಗದಿದ್ದರೆ ಫೋನಿನಲ್ಲೇ ಒಂದು ಒರಟು ಪರೀಕ್ಷೆ ಮಾಡಬಹುದು. ಬೇರೆ ಬೇರೆ ದೊಡ್ಡ ವಿಡಿಯೊಗಳನ್ನು ಕಾರ್ಡು ತುಂಬುವವರೆಗೆ ತೆಗೆಯುತ್ತ ಅಥವಾ ಕಾಪಿ ಮಾಡುತ್ತ ಹೋಗಿ. ಒಂದೇ ವಿಡಿಯೊವನ್ನು ಮತ್ತೆ ಮತ್ತೆ ಕಾಪಿ ಮಾಡಬೇಡಿ, ಒಂದರ ಮೇಲೊಂದು ಬರೆದುಕೊಂಡಿದ್ದರೂ ಗೊತ್ತಾಗದೇ ಹೋಗಬಹುದು. ಆಮೇಲೆ ಫೋನ್ ಆಫ್ ಮಾಡಿ, ಕಾರ್ಡು ತೆಗೆದು ಮತ್ತೆ ಹಾಕಿ. ಮೊದಲನೆಯ, ನಡುವಿನ, ಕೊನೆಯ ವಿಡಿಯೊಗಳನ್ನು ಪೂರ್ತಿ ಓಡಿಸಿ ನೋಡಿ. ಮೊದಲನೆಯದನ್ನೂ ಯಾಕೆ ನೋಡಬೇಕೆಂದರೆ, ಕೆಲವು ನಕಲಿಗಳು ಹೊಸದನ್ನು ಹಳೆಯದರ ಮೇಲೆಯೇ ಬರೆಯುತ್ತವೆ.

ಇದನ್ನೆಲ್ಲ ಕಾರ್ಡು ಬಂದ ಎರಡು ದಿನದೊಳಗೆ ಮುಗಿಸಿ. ‘ನಾಳೆ ನೋಡೋಣ’ ಎಂದವರಿಗಾಗಿಯೇ ಏಳು ದಿನದ ಗಡುವು ಇಟ್ಟಿದ್ದಾರೆ. ನಾವು ಹಾಗೆಯೇ ಸಿಕ್ಕಿಬಿದ್ದೆವು.

ಮೋಸ ಹೋಗಿದ್ದರೆ ಸುಮ್ಮನಿರಬೇಡಿ

‘ಐನೂರು ರೂಪಾಯಿಗೆ ಯಾರು ಓಡಾಡ್ತಾರ್ರಿ’ ಎಂದು ನಾವೇ ಎಷ್ಟೋ ಸಲ ಅಂದಿದ್ದೇವೆ. ಅವರ ವ್ಯಾಪಾರ ನಿಂತಿರುವುದು ಈ ಮಾತಿನ ಮೇಲೆಯೇ. ಒಬ್ಬನಿಂದ ಐದು ಲಕ್ಷ ಕದ್ದರೆ ಪೊಲೀಸರು ಬರುತ್ತಾರೆ. ಸಾವಿರ ಜನರಿಂದ ಐನೂರು ಕದ್ದರೆ ಯಾರೂ ಬರುವುದಿಲ್ಲ. ಮೊತ್ತ ಅದೇ ಐದು ಲಕ್ಷ.

ಮೊದಲು ಆ್ಯಪಿನಲ್ಲೇ ರಿಟರ್ನ್ ಹಾಕಿ. ಒಪ್ಪದಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. ಅವರ ಹೆಸರು, ಸಂಪರ್ಕ ಆ್ಯಪಿನಲ್ಲಿ ಇರಲೇಬೇಕು. ದೂರು ಬಂದಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎನ್ನುತ್ತದೆ 2020ರ ನಿಯಮ.

ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕೊನೆಯದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹೆಸರು ಕೇಳಿ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಇರುವ ಬೆಂಗಳೂರಿಗೋ ದೆಹಲಿಗೋ ಹೋಗಬೇಕಿಲ್ಲ. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಕಂಪನಿಯ ಹೆಸರು ಕದ್ದು ಮಾರುವುದಂತೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದ ಜೈಲಿನ ಅಪರಾಧ.

ಒಂದು ಸ್ಟಾರ್ ರಿವ್ಯೂ ಬರೆಯುವುದನ್ನೂ ಮರೆಯಬೇಡಿ, ಪರೀಕ್ಷೆಯ ಫೋಟೊ ಹಾಕಿ ಬರೆಯಿರಿ. ಮುಂದಿನವನಾದರೂ ಉಳಿಯುತ್ತಾನೆ. ಮತ್ತು ಆ ಕಾರ್ಡನ್ನು ಇನ್ನೊಬ್ಬರಿಗೆ ಮಾರಬೇಡಿ, ಕೊಡಬೇಡಿ. ನಮಗಾದ ಮೋಸವನ್ನು ಪಕ್ಕದ ಮನೆಗೆ ದಾಟಿಸಿದರೆ ನಮಗೂ ಅವನಿಗೂ ವ್ಯತ್ಯಾಸ ಏನು?

ನಮ್ಮ ಬೇಡಿಕೆ

ಆನ್‌ಲೈನ್ ಅಂಗಡಿಗಳೇ, ನೀವು ಮಾರಿಸುವ ಕಾರ್ಡುಗಳಲ್ಲಿ ಒಂದಷ್ಟನ್ನು ನೀವೇ ಕೊಂಡು ಪರೀಕ್ಷೆ ಮಾಡಿ. ಹಳ್ಳಿಯ ಸ್ಟುಡಿಯೊದವನು ಉಚಿತ ಪ್ರೋಗ್ರಾಮಿನಲ್ಲಿ ಮಾಡುವ ಕೆಲಸ ನಿಮಗೆ ಕಷ್ಟವೇ? ನಕಲಿ ಸಿಕ್ಕರೆ ಪುಟ ತೆಗೆದು ಸುಮ್ಮನಾಗಬೇಡಿ, ಅವನಿಂದ ಕೊಂಡ ಎಲ್ಲರಿಗೂ ಮೆಸೇಜ್ ಕಳಿಸಿ ಹಣ ವಾಪಸ್ ಕೊಡಿ. ಕುಕ್ಕರ್ ವಿಷಯದಲ್ಲಿ ಆದೇಶವಾದದ್ದೂ ಇದೇ. ತಡವಾಗಿ ಗೊತ್ತಾಗುವ ಮೋಸಕ್ಕೆ ಏಳು ದಿನದ ಗಡುವು ಇಡುವುದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಆ ಗಡುವನ್ನು ತೆಗೆಯಿರಿ.

ಗ್ರಾಹಕ ಪ್ರಾಧಿಕಾರದವರೇ, ಕುಕ್ಕರಿನ ಮೇಲೆ ಇಟ್ಟ ಕಣ್ಣನ್ನು ಕಾರ್ಡಿನ ಮೇಲೂ ಇಡಿ.

ಜಿಲ್ಲೆಯ ಮಾಪನ ಇಲಾಖೆಯವರೇ, ಸಂತೆಯ ಅಜ್ಜಿಯ ತಕ್ಕಡಿ ನೋಡುವ ಹುರುಪಿನ ಒಂದು ಪಾಲನ್ನು ಈ ಪೊಟ್ಟಣಗಳಿಗೂ ಕೊಡಿ. ವಿಳಾಸವಿಲ್ಲದ, ಬೆಲೆಯಿಲ್ಲದ ಪೊಟ್ಟಣ ನಮ್ಮ ಮನೆ ಬಾಗಿಲವರೆಗೆ ಬಂತು ಎಂದರೆ ನಿಯಮ ಇದ್ದೂ ಇಲ್ಲದಂತೆ.

ಗ್ರಾಮ ಪಂಚಾಯಿತಿಯವರಿಗೆ ಒಂದು ಸಣ್ಣ ಕೆಲಸ. ನಿಮ್ಮ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಒಂದು ಕಾರ್ಡ್ ರೀಡರ್ ತಂದಿಡಿ, ಈ ಪ್ರೋಗ್ರಾಮ್ ಹಾಕಿಸಿ. ಊರಿನವರು ಕಾರ್ಡು ತಂದು ಪರೀಕ್ಷೆ ಮಾಡಿಸಿಕೊಂಡು ಹೋಗಲಿ. ಒಂದು ಚಹಾ ಖರ್ಚಿನ ಬಿಲ್ಲಿನಲ್ಲಿ ರೀಡರ್ ಬರುತ್ತದೆ.

ನಮ್ಮ ಪತ್ರಿಕೆಗಳ ದೊಡ್ಡವರಿಗೂ ಒಂದು ಮಾತು. ಹಬ್ಬದ ಸೇಲ್ ಜಾಹೀರಾತು ಮುಖಪುಟದಲ್ಲಿ ಹಾಕಿ, ಒಳಪುಟದ ಮೂಲೆಯಲ್ಲಿ ‘ಗ್ರಾಹಕರೇ ಎಚ್ಚರ’ ಎಂದು ಬರೆದರೆ ಸಾಲದು. ಎಚ್ಚರ ಇರಬೇಕಾದವರು ಗ್ರಾಹಕರೊಬ್ಬರೇ ಅಲ್ಲ.

ಭಾಗವತರ ಮೊಮ್ಮಗನಿಗೆ ನಾವು ಕೊನೆಗೆ ಕೊಟ್ಟದ್ದು ಗಣಸ್ತುತಿಯಿಂದ ಶುರುವಾಗಿ, ಯುದ್ಧಕ್ಕೆ ಮುಂಚೆಯೇ ನಿಂತುಹೋಗುವ ಎರಡು ಗಂಟೆಯ ಆಟ. ಅವನು ಅದನ್ನೇ ಕಣ್ಣಿಗೆ ಒತ್ತಿಕೊಂಡು ತಗೊಂಡು ಹೋದ. ಆವತ್ತು ಆಟ ನೋಡಲು ಬಂದವರಲ್ಲಿ ಯಾರಾದರೂ ತಮ್ಮ ಫೋನಿನಲ್ಲಿ ಉಳಿದ ಭಾಗ ತೆಗೆದಿದ್ದರೆ, ಹತ್ತು ನಿಮಿಷದ್ದೇ ಆಗಲಿ, ನಮಗೆ ಕಳಿಸಿ. ಅವನಿಗೆ ಮುಟ್ಟಿಸುತ್ತೇವೆ.

ನಿಮ್ಮ ಫೋನಿನಲ್ಲಿ ಈಗ ಇರುವ ಕಾರ್ಡನ್ನು ಇವತ್ತು ರಾತ್ರಿಯೇ ನೋಡಿ. ಮಗುವಿನ ಫೋಟೊ, ತೀರಿಹೋದವರ ದನಿ ಅದರಲ್ಲಿದ್ದರೆ ಮೊದಲು ಇನ್ನೊಂದು ಕಡೆ ಕಾಪಿ ಮಾಡಿಡಿ. ಆಮೇಲೆ ಕಾರ್ಡು ಖಾಲಿ ಮಾಡಿ ಪರೀಕ್ಷೆ ಹಚ್ಚಿ.